ಬಿರುಕು, ಪಟ್ಟೆ, ಚುಕ್ಕೆ: ಮನೆಗೂ ಮೈಗೂ ಒಪ್ಪುವ ನಿಸರ್ಗದ ಚಿತ್ತಾರ

ಏಪ್ರಿಲ್ ತಿಂಗಳಲ್ಲಿ ಎರಿ ಹೊಲದ ಬದುವಿನ ಮೇಲೆ ನಿಂತು ನೆಲವನ್ನು ದಿಟ್ಟಿಸಿ ನೋಡಿದ್ದೀರಾ? ತೊಗರಿ ಕಟಾವಾಗಿ ಮೂರು ತಿಂಗಳು ಕಳೆದಿರುತ್ತದೆ. ನೆಲ ಅಂಗೈ ಅಗಲದ, ಕೆಲವು ಕಡೆ ಮೊಳದಗಲದ ತುಂಡುಗಳಾಗಿ ಸೀಳಿರುತ್ತದೆ. ಕಾಲ್ಬೆರಳು ಸಿಕ್ಕಿಕೊಳ್ಳುವಷ್ಟು ಅಗಲದ ಬಿರುಕುಗಳು. ಇದೇ ಚಿತ್ರಕ್ಕೆ ಕೊಂಚ ಬಣ್ಣ ಬದಲಿಸಿ ಕಲಬುರಗಿಯ ಸೂಪರ್ ಮಾರ್ಕೆಟ್ಟಿನ ಬಟ್ಟೆ ಅಂಗಡಿಯಲ್ಲಿ ಹರಡಿದರೆ, "ಜಿರಾಫೆ ಪ್ರಿಂಟ್ ಬಂದದ ನೋಡ್ರಿ ಅಕ್ಕಾರ" ಎನ್ನುತ್ತಾರೆ. ಇನ್ನಷ್ಟು ಸಣ್ಣದು ಮಾಡಿ ಹೊಳಪು ಕೊಟ್ಟರೆ ಅದು ಮೊಸಳೆ ಚರ್ಮದಂಥ ಪರ್ಸು.

ನಮ್ಮ ಮಾತುಕತೆ ಕಾರ್ಯಕ್ರಮದಲ್ಲಿ ಮನೆಯಲಂಕಾರ, ಉಡುಪಿನ ವಿಷಯ ಬಂದಾಗಲೆಲ್ಲ ವೀಕ್ಷಕರು ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ ಬಗೆಯವು. ಚಿರತೆ ಚುಕ್ಕೆಯ ದುಪಟ್ಟಾ ಕೊಳ್ಳಬಹುದೇ? ಕಟ್ಟಿಗೆಯ ಎಳೆ ಕಾಣುವ ಟೈಲ್ಸ್ ಹಾಕಿಸಬಹುದೇ? ಹಾವಿನ ಮೈಯಂಥ ಚಪ್ಪಲಿ ಈಗ ಚಾಲ್ತಿಯಲ್ಲಿದೆಯೇ? ಅರ್ಧ ಗಂಟೆಯ ಕಾರ್ಯಕ್ರಮದಲ್ಲಿ "ಕೊಳ್ಳಿ", "ಬೇಡ" ಎಂದು ಹೇಳಿ ಮುಗಿಸಬೇಕಾಗುತ್ತದೆ. ಪುಟದಲ್ಲಿ ಸ್ವಲ್ಪ ಹೆಚ್ಚು ಜಾಗವಿದೆ. ಹಾಗಾಗಿ ಪ್ರಶ್ನೆಯನ್ನು ಬೇರೆ ತುದಿಯಿಂದ ಹಿಡಿಯೋಣ. ಈ ಚಿತ್ತಾರಗಳು ನಿಸರ್ಗದಲ್ಲಿ ಹುಟ್ಟುವುದಾದರೂ ಹೇಗೆ? ಹುಟ್ಟಿನ ಕ್ರಮ ತಿಳಿದರೆ, ಯಾವುದನ್ನು ಎಲ್ಲಿ ಬಳಸಿದರೆ ಒಪ್ಪುತ್ತದೆ, ಎಲ್ಲಿ ಬಳಸಿದರೆ ಕಣ್ಣಿಗೆ ಸುಳ್ಳು ಅನ್ನಿಸುತ್ತದೆ ಎಂಬುದನ್ನು ನೀವೇ ನಿರ್ಧರಿಸಬಲ್ಲಿರಿ. ಬೇಕಾದ ಉದಾಹರಣೆಗಳು ಕಲಬುರಗಿ ಪಟ್ಟಣದಲ್ಲಿ, ಅಲ್ಲಿಂದ ಹುಮನಾಬಾದ ರಸ್ತೆ ಹಿಡಿದು ಸುಮಾರು 35 ಕಿಲೋಮೀಟರ್ ದೂರದ ಕಮಲಾಪುರದಲ್ಲಿ, ಮತ್ತು ಅಕ್ಕಪಕ್ಕದಲ್ಲಿ ಸಾಕಷ್ಟು ಸಿಗುತ್ತವೆ.

ನೆಲ ಬಿರಿಯುವ ಲೆಕ್ಕ

ಮೊದಲು ಎರಿ ಮಣ್ಣನ್ನೇ ನೋಡೋಣ. ಇದರಲ್ಲಿ ಮಾಂಟ್‌ಮೊರಿಲ್ಲೊನೈಟ್ ಎಂಬ ಜೇಡಿ ಖನಿಜ ಹೇರಳವಾಗಿದೆ. ಅದರ ಕಣಗಳು ಹಾಳೆ ಹಾಳೆಯಾಗಿದ್ದು, ಮಳೆಗಾಲದಲ್ಲಿ ಹಾಳೆಗಳ ನಡುವೆ ನೀರು ಹೊಕ್ಕು ಮಣ್ಣು ಉಬ್ಬುತ್ತದೆ. ಬೇಸಿಗೆಯಲ್ಲಿ ನೀರು ಆರಿ ಕುಗ್ಗುತ್ತದೆ. ಮೇಲಿನ ಪದರ ಬೇಗ ಕುಗ್ಗುತ್ತದೆ, ಕೆಳಗಿನದು ಕುಗ್ಗಲು ಒಪ್ಪುವುದಿಲ್ಲ. ಈ ಎಳೆದಾಟದಲ್ಲಿ ಮೇಲಿನ ಪದರ ಹರಿಯುತ್ತದೆ.

ಹರಿಯುವುದರಲ್ಲೂ ಒಂದು ಕ್ರಮವಿದೆ. ಮೊದಲ ಬಿರುಕು ಬಿಟ್ಟೊಡನೆ ಅದರ ಎರಡೂ ಬದಿಯ ಮಣ್ಣಿಗೆ ಅಡ್ಡ ದಿಕ್ಕಿನ ಸೆಳೆತದಿಂದ ಬಿಡುಗಡೆ ಸಿಗುತ್ತದೆ. ಉಳಿಯುವುದು ಬಿರುಕಿನ ಉದ್ದಕ್ಕೆ ಇರುವ ಸೆಳೆತ ಮಾತ್ರ. ಆದ್ದರಿಂದ ಎರಡನೆಯ ಬಿರುಕು ಬಂದು ಮೊದಲನೆಯದಕ್ಕೆ ನೇರ ಮೂಲೆಯಲ್ಲಿ, ಮೂಲೆಮಟ್ಟ ಹಿಡಿದಂತೆ ಸೇರುತ್ತದೆ. ಹಳೆಯ ಪಿಂಗಾಣಿ ಬಟ್ಟಲಿನ ಹೊಳಪಿನಲ್ಲೂ ಸೀಮೆಂಟು ಗಿಲಾವಿನಲ್ಲೂ ನೀವು ಕಾಣುವುದು ಇಂಥ ನೇರ ಮೂಲೆಯ ಬಿರುಕುಗಳನ್ನೇ. ಆದರೆ ಅದೇ ಮಣ್ಣು ಮತ್ತೆ ಮತ್ತೆ ನೆಂದು ಮತ್ತೆ ಮತ್ತೆ ಒಣಗಿದರೆ, ಪ್ರತಿ ಸಲವೂ ಬಿರುಕು ಸೇರುವ ಬಿಂದು ತುಸು ಸರಿಯುತ್ತ ಹೋಗಿ, ಕೊನೆಗೆ ಮೂರು ಬಿರುಕುಗಳು ಒಂದೆಡೆ ಸಮ ಕೋನದಲ್ಲಿ, ಅಂದರೆ 120 ಡಿಗ್ರಿಯಲ್ಲಿ ಕೂಡುತ್ತವೆ. ಆಗ ಜೇನುಗೂಡಿನಂಥ ಆರು ಮೂಲೆಯ ತುಂಡುಗಳು ಮೂಡುತ್ತವೆ. ಪ್ರಯೋಗಾಲಯದ ತಟ್ಟೆಗಳಲ್ಲಿ ಕೆಸರನ್ನು ಹಲವು ಸಲ ನೆನೆಸಿ ಒಣಗಿಸಿ ಇದನ್ನು ಕಂಡಿದ್ದಾರೆ. ಪ್ರತಿ ವರ್ಷ ಉಳುವ ಹೊಲದಲ್ಲಿ ಈ ಮಾಗುವಿಕೆಗೆ ಅವಕಾಶ ಕಡಿಮೆ. ನೇಗಿಲು ಬೀಳದ ಕೆರೆಯಂಗಳದಲ್ಲಿ ಹುಡುಕಿ ನೋಡಿ. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಂಬಗಳಂಥ ಕಲ್ಲುಗಳು ಹುಟ್ಟಿದ್ದೂ ಇದೇ ಬಗೆಯ ಲೆಕ್ಕದಿಂದ. ಅಲ್ಲಿ ಒಣಗುವ ಮಣ್ಣಿನ ಬದಲು ತಣಿಯುವ ಲಾವಾ ಕುಗ್ಗಿತು, ಅಷ್ಟೇ.

ಇದರಿಂದ ನಮಗೇನು ಎನ್ನುತ್ತೀರಾ? ನೇರ ಮೂಲೆಯ ಬಿರುಕಿನ ಚಿತ್ತಾರಕ್ಕೆ ಉದ್ದ, ಅಡ್ಡ ಎಂಬ ದಿಕ್ಕುಗಳಿವೆ. ಅದು ಗೋಡೆ, ಕಪಾಟಿನ ಬಾಗಿಲುಗಳಂಥ ಚೌಕ ವಸ್ತುಗಳ ಜೊತೆ ಹೊಂದುತ್ತದೆ. ಆರು ಮೂಲೆಯ ಜಾಲಕ್ಕೆ ದಿಕ್ಕಿಲ್ಲ. ಹೇಗೆ ಹೊರಳಿಸಿದರೂ ಅದೇ. ಆದ್ದರಿಂದ ನೆರಿಗೆ ಬೀಳುವ ಸೀರೆ, ಪರದೆ, ದುಪಟ್ಟಾಗಳಿಗೆ ಅದೇ ಸರಿ. ಇದು ನನ್ನ ಅಭಿಪ್ರಾಯ. ಬಟ್ಟೆಯನ್ನು ಕೈಯಲ್ಲಿ ಹಿಡಿದು ಇಳಿಬಿಟ್ಟು ನೋಡಿದರೆ ನಿಮಗೂ ಹಾಗೆಯೇ ಅನ್ನಿಸಬಹುದು.

ಫರಸಿಯ ಮೈ

ಕಲಬುರಗಿಯ ಹಳೆಯ ಮನೆಗಳಲ್ಲಿ ಕಾಲಿಟ್ಟ ಕಡೆಯೆಲ್ಲ ಸಿಗುವುದು ಶಹಾಬಾದ ಕಲ್ಲು. ನಮ್ಮವರ ಬಾಯಲ್ಲಿ ಫರಸಿ. ನೆಲಕ್ಕೆ ಅದು, ಮೆಟ್ಟಿಲಿಗೆ ಅದು, ಅಡುಗೆ ಕಟ್ಟೆಗೆ ಅದು, ಗೂಡಿನ ಹಲಗೆಗೂ ಅದು. ಪಟ್ಟಣದಿಂದ ದಕ್ಷಿಣಕ್ಕೆ ವಾಡಿಯತ್ತ ಹೋಗುವ ರೈಲುದಾರಿಯಲ್ಲಿ ಸಿಗುವ ಶಹಾಬಾದ ಊರಿನಿಂದಲೇ ಈ ಹೆಸರು. ಭೂವಿಜ್ಞಾನಿಗಳು ಭೀಮಾ ಕೊಳ್ಳ ಎಂದು ಕರೆಯುವ ಈ ಪ್ರದೇಶದಲ್ಲಿ ಕನಿಷ್ಠ 50 ಕೋಟಿ ವರ್ಷಗಳ ಹಿಂದೆ ಆಳವಿಲ್ಲದ ಸಮುದ್ರವಿತ್ತು. ಅದರ ತಳದಲ್ಲಿ ಸುಣ್ಣದ ಕೆಸರು ಪದರ ಪದರವಾಗಿ ಕೂತು, ನಡುನಡುವೆ ತೆಳ್ಳನೆಯ ಜೇಡಿಯ ಹಾಳೆ ಸೇರಿ, ಗಟ್ಟಿಯಾಗಿ ಈ ಸುಣ್ಣಕಲ್ಲಾಯಿತು. ಜೇಡಿಯ ಹಾಳೆ ಇರುವಲ್ಲಿ ಉಳಿ ಇಟ್ಟು ಹೊಡೆದರೆ ಕಲ್ಲು ಹೋಳಿಗೆಯಂತೆ ಪದರಾಗಿ ಏಳುತ್ತದೆ. ಗರಗಸ ಬೇಕಿಲ್ಲ. ಚಪ್ಪಡಿ ಚಪ್ಪಡಿಯಾಗಿ ಏಳುವ ಈ ಗುಣದಿಂದಲೇ ಬಡವರ ಮನೆಗೂ ಕಲ್ಲಿನ ನೆಲ ಬಂತು.

ಹೀಗೆ ಪದರಾಗಿ ಎದ್ದ ಕಲ್ಲಿನ ಮೇಲ್ಮೈ ಎಂದರೆ ಆ ಸಮುದ್ರದ ತಳವೇ. ಅದರ ಮೇಲೆ ಅಂಗೈ ಆಡಿಸಿ. ಬಹಳ ಮೆಲುವಾದ ಏರಿಳಿತ ಸಿಗುತ್ತದೆ. ನೀಲಿ ಬೂದು, ತುಸು ಗುಲಾಬಿ, ಹಸಿರು ಛಾಯೆ, ಕಪ್ಪಿನತ್ತ ವಾಲಿದ್ದು, ಹೀಗೆ ಬಣ್ಣಗಳೂ ಉಂಟು. ಒಂದು ಫರಸಿಯಂತೆ ಇನ್ನೊಂದಿಲ್ಲ. ಈ ಏರಿಳಿತಕ್ಕೆ ಒಂದು ಉಪಯೋಗವೂ ಇದೆ: ಹಿಡಿತ. ಒದ್ದೆ ಕಾಲು ಜಾರುವುದಿಲ್ಲ. ಬಚ್ಚಲು, ಹಿತ್ತಲು, ಅಂಗಳಗಳಲ್ಲಿ ಪಾಲಿಶ್ ಮಾಡದ ಒರಟು ಫರಸಿಯನ್ನೇ ಹಾಕುತ್ತಿದ್ದುದು ದುಡ್ಡಿನ ಉಳಿತಾಯಕ್ಕೆ ಮಾತ್ರ ಅಲ್ಲ.

ಈಗ ಏನಾಗುತ್ತಿದೆ ನೋಡಿ. ಗಟ್ಟಿಮುಟ್ಟಾದ ಫರಸಿ ನೆಲದ ಮೇಲೆಯೇ ಕನ್ನಡಿಯಂಥ ಟೈಲ್ಸ್ ಕೂರಿಸುತ್ತಾರೆ. ಟೈಲ್ಸ್ ಮೇಲಿರುವುದು ಅಮೃತಶಿಲೆಯ, ಕಟ್ಟಿಗೆಯ, ಕೆಲವೊಮ್ಮೆ ಒರಟು ಕಲ್ಲಿನದೇ ಚಿತ್ರ. ಅಂದರೆ ನಿಜವಾದ ಕಲ್ಲನ್ನು ಮುಚ್ಚಿ ಅದರ ಮೇಲೆ ಕಲ್ಲಿನ ಫೋಟೋ! ಮನೆಯಲ್ಲಿ ಎಪ್ಪತ್ತು ದಾಟಿದ ಹಿರಿಯರಿದ್ದರೆ ಬಚ್ಚಲ ಬಾಗಿಲಲ್ಲಿ ಈ ನುಣುಪಿನ ಬೆಲೆ ಎಷ್ಟೆಂಬುದು ಮೂಳೆ ವೈದ್ಯರಿಗೆ ಗೊತ್ತು.

ಹೊಸ ಮನೆಗೆ ಟೈಲ್ಸೇ ಬೇಕೆಂದರೆ ತಪ್ಪೇನಿಲ್ಲ. ಕಲೆ ಹಿಡಿಯದು, ಒರೆಸುವುದು ಸುಲಭ. ಆದರೆ ಅಂಗಡಿಯಲ್ಲಿ ಒಂದು ಪ್ರಶ್ನೆ ಕೇಳಿ: "ಈ ಡಿಜೈನಿನಲ್ಲಿ ಎಷ್ಟು ಬೇರೆ ಬೇರೆ ಚಿತ್ರಗಳಿವೆ?" ಈಗಿನ ಟೈಲ್ಸ್ ಮೇಲೆ ಯಂತ್ರವು ಶಾಯಿ ಸಿಂಪಡಿಸಿ ಚಿತ್ರ ಮೂಡಿಸುತ್ತದೆ. ಒಂದೇ ಚಿತ್ರವಿದ್ದರೆ ಇಡೀ ಪಡಸಾಲೆಯಲ್ಲಿ ಅದೇ ಗಂಟು, ಅದೇ ಗೆರೆ ಎರಡೆರಡು ಅಡಿಗೆ ಮರುಕಳಿಸುತ್ತದೆ. ನಮ್ಮ ಕಣ್ಣು ಮರುಕಳಿಕೆಯನ್ನು ಹಿಡಿಯುವುದರಲ್ಲಿ ಬಹಳ ಚುರುಕು. ಕೂತ ಐದು ನಿಮಿಷಕ್ಕೆ ಬಣ್ಣ ಬಯಲಾಗುತ್ತದೆ. ಎಂಟೋ ಹತ್ತೋ ಬೇರೆ ಚಿತ್ರಗಳಿದ್ದು, ಕೂರಿಸುವಾಗ ಮೇಸ್ತ್ರಿ ಕೆಲವನ್ನು ತಿರುಗಿಸಿ ಹಾಕಿದರೆ ನೆಲ ನಿಜದ ಹತ್ತಿರ ಬರುತ್ತದೆ.

ಫರಸಿ ಇದ್ದವರಿಗೆ ಒಂದು ಮಾತು. ಇದು ಸುಣ್ಣಕಲ್ಲು, ಹುಳಿಗೂ ಸುಣ್ಣಕ್ಕೂ ಆಗಿಬರುವುದಿಲ್ಲ. ನಿಂಬೆರಸ, ಹುಣಸೆ ನೀರು ಚೆಲ್ಲಿದರೆ ಕೂಡಲೇ ಒರೆಸಿ. ಕೊಳೆ ಹೋಗಲೆಂದು ಆಸಿಡ್ ಸುರಿಯುವ ಅಭ್ಯಾಸ ಬಹಳ ಮನೆಗಳಲ್ಲಿದೆ. ಆಸಿಡ್ ಕೊಳೆಯ ಜೊತೆ ಕಲ್ಲಿನ ಮೈಯನ್ನೂ ಕರಗಿಸುತ್ತದೆ. ಬಿಳಿ ಮಚ್ಚೆ ಬಿದ್ದಲ್ಲಿ ಹೊಳಪು ಮತ್ತೆ ಬರಬೇಕಾದರೆ ಯಂತ್ರ ತರಿಸಿ ಉಜ್ಜಿಸಬೇಕು. ಸಾಬೂನು ನೀರು ಸಾಕು.

ಚುಕ್ಕೆಯ ಗುಟ್ಟು

ಕಲ್ಲು, ಮಣ್ಣುಗಳ ಚಿತ್ತಾರ ಹೊರಗಿನ ಬಲದಿಂದ ಮೂಡುತ್ತದೆ. ಪ್ರಾಣಿಯ ಚರ್ಮದ ಕಥೆ ಬೇರೆ. ತಾಯಿಯ ಹೊಟ್ಟೆಯೊಳಗೆ, ಬೆಳಕಿಲ್ಲದ ಕಡೆ, ಒಂದೇ ಬಗೆಯ ಜೀವಕೋಶಗಳಿಂದ ಶುರುವಾದ ಮೈಯಲ್ಲಿ ಇಲ್ಲಿ ಕಪ್ಪು, ಅಲ್ಲಿ ಹಳದಿ ಎಂದು ನಿಶ್ಚಯಿಸುವವರು ಯಾರು?

ಈ ಪ್ರಶ್ನೆಗೆ ಲೆಕ್ಕದ ಉತ್ತರ ಕೊಟ್ಟವರು ಬ್ರಿಟನ್ನಿನ ಅಲನ್ ಟ್ಯೂರಿಂಗ್, 1952ರಲ್ಲಿ. ಕಂಪ್ಯೂಟರಿನ ತಳಹದಿ ಹಾಕಿದವರೂ ಇವರೇ. (ಇವರ ತಾಯಿಯ ತಂದೆ ಮದ್ರಾಸ್ ರೈಲ್ವೆಯಲ್ಲಿ ಮುಖ್ಯ ಇಂಜಿನಿಯರ್ ಆಗಿದ್ದರೆಂಬುದು ನಮ್ಮವರಿಗೆ ಖುಷಿ ಕೊಡಬಹುದಾದ ಸಂಗತಿ.) ಟ್ಯೂರಿಂಗ್ ಹೇಳಿದ್ದನ್ನು ಸಮೀಕರಣಗಳನ್ನು ಬದಿಗಿಟ್ಟು ಶರಣಬಸವೇಶ್ವರ ಜಾತ್ರೆಯ ಲೆಕ್ಕದಲ್ಲಿ ಹೇಳುತ್ತೇನೆ. ಬಯಲಿನಲ್ಲಿ ಒಬ್ಬರು ಮಿರ್ಚಿ ಭಜಿ ಅಂಗಡಿ ಇಟ್ಟರೆನ್ನಿ. ವಾಸನೆಗೆ ಜನ ಸೇರುತ್ತಾರೆ. ಜನ ಕಂಡು ಪಕ್ಕದಲ್ಲೇ ಚಹದವರು, ಬತಾಸಿನವರು ಬರುತ್ತಾರೆ. ಅಲ್ಲಿ ಒಂದು ಗುಂಪಾಯಿತು. ಆದರೆ "ಅಲ್ಲಿ ಆಗಲೇ ಭಜಿ ಅಂಗಡಿ ಇದೆ" ಎಂಬ ಸುದ್ದಿ ವಾಸನೆಗಿಂತ ಬಹು ದೂರ, ಬಹು ಬೇಗ ಹೋಗುತ್ತದೆ. ಅದನ್ನು ಕೇಳಿದ ಇನ್ನೊಬ್ಬ ಭಜಿಯವರು ಹತ್ತಿರ ಕೂರದೆ ದೂರ ಹೋಗಿ ಕೂರುತ್ತಾರೆ. ಸಂಜೆಯ ಹೊತ್ತಿಗೆ ಯಾರೂ ನಕ್ಷೆ ಬರೆಯದೆಯೇ ಬಯಲಿನ ತುಂಬ ಹೆಚ್ಚು ಕಡಿಮೆ ಸಮ ಅಂತರದಲ್ಲಿ ಗುಂಪುಗಳು. ವಾಸನೆ ಎಂಬಲ್ಲಿ ಪ್ರಚೋದಿಸುವ ರಾಸಾಯನಿಕ, ಸುದ್ದಿ ಎಂಬಲ್ಲಿ ತಡೆಯುವ ರಾಸಾಯನಿಕ ಎಂದು ಓದಿಕೊಳ್ಳಿ. ಮೊದಲನೆಯದು ನಿಧಾನ ಹರಡಬೇಕು, ಎರಡನೆಯದು ವೇಗವಾಗಿ. ಅಷ್ಟಿದ್ದರೆ ಚುಕ್ಕೆ ಮೂಡುತ್ತದೆ.

ಇದು ಬಹಳ ಕಾಲ ಕಾಗದದ ಮೇಲಿನ ಲೆಕ್ಕವಾಗಿಯೇ ಉಳಿದಿತ್ತು. 1995ರಲ್ಲಿ ಜಪಾನಿನ ವಿಜ್ಞಾನಿಗಳು ಒಂದು ಸಮುದ್ರ ಮೀನಿನ ಮೈಪಟ್ಟೆಗಳು ಮೀನು ಬೆಳೆದಂತೆ ಈ ಲೆಕ್ಕದ ಪ್ರಕಾರವೇ ಸರಿದು ಕವಲಾಗುವುದನ್ನು ತೋರಿಸಿದರು. 2021ರಲ್ಲಿ ಅಮೆರಿಕದ ಸಂಶೋಧಕರು ಮನೆಯ ಬೆಕ್ಕನ್ನೇ ಪರೀಕ್ಷಿಸಿ, ಭ್ರೂಣದಲ್ಲಿ ಕೂದಲು ಮೊಳೆಯುವುದಕ್ಕೂ ಮುಂಚೆ ಚರ್ಮದಲ್ಲಿ ದಪ್ಪ, ತೆಳು ಎಂಬ ಪಟ್ಟೆಗಳು ಏಳುವುದನ್ನೂ, ಅದರ ಹಿಂದೆ ಡಿಕೆಕೆ4 ಎಂಬ ಜೀನಿನ ಕೈವಾಡವಿರುವುದನ್ನೂ ಕಂಡರು. ನಿಮ್ಮ ಅಡುಗೆ ಮನೆಯಲ್ಲಿ ಹಾಲಿಗೆ ಹೊಂಚು ಹಾಕುವ ಬೆಕ್ಕಿನ ಮೈಗೆರೆ ಕೂಡ ಟ್ಯೂರಿಂಗ್ ಲೆಕ್ಕಕ್ಕೆ ಸೇರಿದ್ದು.

ಈಗ ಹೊಲಿಗೆಯವರಿಗೆ ಉಪಯೋಗದ ವಿಷಯಕ್ಕೆ ಬರುತ್ತೇನೆ. ಗಣಿತಜ್ಞ ಜೇಮ್ಸ್ ಮರೆ 1988ರಲ್ಲಿ ಒಂದು ಸೊಗಸಾದ ಮಾತು ಬರೆದರು. ಅಗಲವಾದ ಜಾಗದಲ್ಲಿ ಚುಕ್ಕೆ ಮೂಡಲು ಅವಕಾಶವಿದೆ. ಜಾಗ ಕೊಳವೆಯಂತೆ ಕಿರಿದಾದರೆ ಚುಕ್ಕೆಗೆ ಅಡ್ಡಡ್ಡ ಸ್ಥಳ ಸಾಲದೆ ಅದು ಸುತ್ತುವರಿದು ಬಳೆಯಂಥ ಪಟ್ಟೆಯಾಗುತ್ತದೆ. ಆದ್ದರಿಂದ ಚುಕ್ಕೆ ಮೈಯ ಪ್ರಾಣಿಗೆ ಪಟ್ಟೆ ಬಾಲ ಇರಬಹುದು. ಪಟ್ಟೆ ಮೈಯ ಪ್ರಾಣಿಗೆ ಚುಕ್ಕೆ ಬಾಲ ಇರುವುದಿಲ್ಲ. ಚೀತಾದ ಬಾಲದ ತುದಿಯನ್ನು ಚಿತ್ರದಲ್ಲಿ ನೋಡಿ, ಬಳೆ ಬಳೆಯಾಗಿರುತ್ತದೆ.

ಕುಪ್ಪಸ, ಕುರ್ತಾ ಹೊಲಿಸುವಾಗ ಇದನ್ನು ನೆನಪಿಡಿ. ಚುಕ್ಕೆಯ ಬಟ್ಟೆಯನ್ನು ಬೆನ್ನು, ಎದೆಯಂಥ ಅಗಲ ಭಾಗಕ್ಕೆ ಇಟ್ಟು, ತೋಳಿನ ಅಂಚಿಗೆ, ಕೊರಳಪಟ್ಟಿಗೆ, ಪೈಜಾಮದ ಕಾಲುಕೊನೆಗೆ ಅದೇ ಬಣ್ಣದ ಪಟ್ಟೆ ಕೊಡಿ. ಉಡುಪು ಹೊಂದಿಕೊಂಡಂತೆ ಕಾಣುತ್ತದೆ. ತಿರುಗಾಮುರುಗಾ ಮಾಡಿ, ಮೈಗೆ ಪಟ್ಟೆ ತೋಳಿಗೆ ಚುಕ್ಕೆ ಕೊಟ್ಟರೆ ಏನೋ ಎಡವಟ್ಟಾಗಿದೆ ಅನ್ನಿಸುತ್ತದೆ. ಕಾರಣ ಹೇಳಲು ಬಾರದಿದ್ದರೂ ಕಣ್ಣಿಗೆ ಗೊತ್ತಾಗುತ್ತದೆ. ಮನೆಯಲ್ಲೂ ಹಾಗೆಯೇ: ಹಾಸಿಗೆಯ ಹೊದಿಕೆಗೆ ಚುಕ್ಕೆ, ಲೋಡಿನ ಗವುಸಿಗೆ ಪಟ್ಟೆ.

ಕಲ್ಯಾಣ ಕರ್ನಾಟಕದ ಮೊಹರಮ್ಮಿನಲ್ಲಿ ಹುಲಿ ವೇಷಕ್ಕೆ ಬಣ್ಣ ಬಳಿಯುವವರಿಗೆ ಯಾವ ಗಣಿತವೂ ಬೇಕಾಗಿಲ್ಲ. ತೋಳಿಗೆ, ಕಾಲಿಗೆ ಸುತ್ತು ಪಟ್ಟೆ. ಬೆನ್ನಿಗೆ ಬಂದಾಗ ಗೆರೆ ಬೆನ್ನೆಲುಬಿನಿಂದ ಪಕ್ಕೆಗೆ ಇಳಿದು ಕವಲೊಡೆಯುತ್ತದೆ. ಮೈಯ ಉಬ್ಬು ತಗ್ಗು ಹೇಗಿದೆಯೋ ಹಾಗೆ ಕುಂಚ ಹೋಗುತ್ತದೆ. ಅಚ್ಚು ಹಾಕಿದ ಬಟ್ಟೆಯಲ್ಲಿ ತಪ್ಪಿಹೋಗುವುದು ಇದೇ. ಹುಲಿಪಟ್ಟೆಯ ಬಟ್ಟೆ ಕತ್ತರಿಸುವ ದರ್ಜಿ, ಪಟ್ಟೆ ಮೈಗೆ ಅಡ್ಡ ಬರುವಂತೆ, ಬೆನ್ನ ಹೊಲಿಗೆಯಲ್ಲಿ ಎರಡು ಬದಿ ಕೂಡುವಂತೆ ಇಟ್ಟುಕೊಂಡರೆ ಅರ್ಧ ಕೆಲಸ ಮುಗಿಯಿತು. ಬಟ್ಟೆ ತುಸು ಹೆಚ್ಚು ಬೇಕಾಗುತ್ತದೆ, ಮೊದಲೇ ಕೇಳಿ.

ಹುಲಿಪಟ್ಟೆಯನ್ನು ಜಾಣತನದಿಂದ ಬಳಸಿದ ದೊಡ್ಡ ಉದಾಹರಣೆ ನಮ್ಮ ನಾಡಿನದೇ. 1799ರಲ್ಲಿ ಮಡಿದ ಟಿಪ್ಪು ಸುಲ್ತಾನ್, ಸೈನಿಕರ ಉಡುಪು, ಬಂದೂಕು, ಸಿಂಹಾಸನಗಳ ಮೇಲೆಲ್ಲ ಹುಲಿಪಟ್ಟೆ ಹಾಕಿಸಿದ್ದ. ಶ್ರೀರಂಗಪಟ್ಟಣದ ಗುಂಬಜಿನ ಒಳಗೋಡೆಯ ಮೇಲೆ ಇಂದಿಗೂ ಅದನ್ನು ಕಾಣಬಹುದು. ಹುಲಿಯ ಚರ್ಮವನ್ನು ನಕಲು ಮಾಡುವ ಗೊಡವೆಗೆ ಅವನ ಕುಶಲಕರ್ಮಿಗಳು ಹೋಗಲಿಲ್ಲ. ನಡು ದಪ್ಪ, ತುದಿ ಚೂಪು, ತುಸು ಬಾಗು, ಇಂಥದೊಂದು ಗೆರೆಯನ್ನು ಹುಲಿಯಿಂದ ಎತ್ತಿಕೊಂಡು, ಅದನ್ನೇ ಹತ್ತಾರು ರೀತಿ ಜೋಡಿಸಿದರು.

ನಮ್ಮ ಸೀಮೆಯ ಮೈಗಳನ್ನೂ ನೋಡಬೇಕಲ್ಲ. ಚಿಂಚೋಳಿ ವನ್ಯಜೀವಿ ಧಾಮದಲ್ಲಿ ಕತ್ತೆಕಿರುಬವಿದೆ. ಬೂದು ಮೈಗೆ ಮಾಸಿದ ಕಪ್ಪು ಪಟ್ಟೆ. ಚಿರತೆಯಷ್ಟು ಹೆಸರಿಲ್ಲ, ಆದರೆ ಕೈಮಗ್ಗದ ಹತ್ತಿಗೆ ಇದಕ್ಕಿಂತ ಹೊಂದುವ ಬಣ್ಣಜೋಡಿ ನನಗೆ ಕಂಡಿಲ್ಲ. ಬೀದರ, ಲಾತೂರ ಕಡೆಯ ದೇವಣಿ ದನಗಳಲ್ಲಿ ಬಿಳಿ ಮೈಗೆ ಕಪ್ಪು ಮಚ್ಚೆಯ ಬಗೆಯೊಂದಿದೆ. ಈ ಮಚ್ಚೆಗಳು ಟ್ಯೂರಿಂಗ್ ಲೆಕ್ಕಕ್ಕೆ ಬರುವುದಿಲ್ಲ. ಬಣ್ಣ ತಯಾರಿಸುವ ಕೋಶಗಳು ಭ್ರೂಣದ ಬೆನ್ನಿನ ಕಡೆಯಿಂದ ಹೊರಟು ಮೈಯೆಲ್ಲ ಹರಡಬೇಕು. ಹರಡುತ್ತ ಕೆಲವು ಕಡೆ ತಲುಪದೆ ಉಳಿದರೆ ಅಲ್ಲಿ ಬಿಳಿ. ಆದ್ದರಿಂದ ಇಲ್ಲಿ ಸಮ ಅಂತರವಿಲ್ಲ, ಒಂದು ಮಚ್ಚೆ ಸಣ್ಣದು, ಇನ್ನೊಂದು ಭಾರತದ ನಕಾಶೆಯಷ್ಟು. ದನದ ಮಚ್ಚೆಯ ಚಾದರ ಕೊಳ್ಳುವಾಗ ಮಚ್ಚೆಗಳೆಲ್ಲ ಒಂದೇ ಗಾತ್ರದವಾಗಿದ್ದರೆ, ಬರೆದವರು ದನ ನೋಡಿಲ್ಲ ಎಂದು ತಿಳಿಯಿರಿ.

ದನದ ಮಾತು ಬಂತು, ಒಂದು ತಮಾಷೆಯ ಪ್ರಯೋಗ ಹೇಳಿಬಿಡುತ್ತೇನೆ. ಜಪಾನಿನಲ್ಲಿ ಕಪ್ಪು ಹಸುಗಳ ಮೈಗೆ ಜೀಬ್ರಾದಂತೆ ಬಿಳಿ ಪಟ್ಟೆ ಬಳಿದು ನೋಡಿದರು. ಅವುಗಳಿಗೆ ಕಚ್ಚುವ ನೊಣಗಳ ಕಾಟ ಸುಮಾರು ಅರ್ಧಕ್ಕೆ ಇಳಿಯಿತೆಂದು 2019ರಲ್ಲಿ ಪ್ರಕಟವಾಯಿತು. ನಗಿಸಿ ಚಿಂತನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಇಗ್ ನೊಬೆಲ್ ಪ್ರಶಸ್ತಿ 2025ರಲ್ಲಿ ಇದಕ್ಕೇ ಬಂತು. ಪಟ್ಟೆ ಕಂಡರೆ ನೊಣಕ್ಕೆ ಇಳಿಯುವ ಜಾಗದ ಅಂದಾಜು ತಪ್ಪುತ್ತದೆ ಎಂಬುದು ಒಂದು ವಿವರಣೆ.

ಅಂದಾಜು ತಪ್ಪುವುದು ನಮ್ಮ ಕ್ಯಾಮೆರಾಕ್ಕೂ ಉಂಟು. ಸ್ಟುಡಿಯೋಗೆ ಬರುವ ಅತಿಥಿಗಳಿಗೆ "ಸಣ್ಣ ಗೆರೆಯ ಅಂಗಿ, ಸಣ್ಣ ಚೌಕಳಿಯ ಸೀರೆ ಬೇಡ" ಎಂದು ಮೊದಲೇ ಹೇಳುತ್ತೇವೆ. ಬಟ್ಟೆಯ ಗೆರೆಗಳ ಅಂತರವೂ ಕ್ಯಾಮೆರಾದ ಚಿತ್ರಬಿಂದುಗಳ ಅಂತರವೂ ಹತ್ತಿರ ಹತ್ತಿರ ಬಂದಾಗ, ಇಲ್ಲದ ಅಲೆಗಳು ಬಟ್ಟೆಯ ಮೇಲೆ ಕುಣಿಯತೊಡಗುತ್ತವೆ. ಮದುವೆ ವಿಡಿಯೋಗಳಲ್ಲಿ ನೀವೂ ಕಂಡಿರುತ್ತೀರಿ. ದೊಡ್ಡ ಚಿತ್ತಾರಕ್ಕೆ ಈ ತೊಂದರೆ ಇಲ್ಲ. ಇನ್ನೊಂದು ಉಪಾಯ ನಮ್ಮ ವೃತ್ತಿಯ ಹಳಬರಿಂದ ಬಂದದ್ದು. ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳಿಗೆ 1975-76ರಲ್ಲಿ ಉಪಗ್ರಹದ ಮೂಲಕ ಟೆಲಿವಿಷನ್ ಬಂದಾಗ ಪರದೆಯೆಲ್ಲ ಕಪ್ಪು ಬಿಳುಪು. ಬಣ್ಣದ ಆಸರೆ ಇಲ್ಲದೆ ಚಿತ್ತಾರ ನಿಲ್ಲುತ್ತದೆಯೇ ಎಂದು ನೋಡಿಯೇ ಉಡುಪು ಆರಿಸಬೇಕಿತ್ತು. ಕೊಳ್ಳುವ ಮೊದಲು ಬಟ್ಟೆಯ ಫೋಟೋ ತೆಗೆದು ಮೊಬೈಲಿನಲ್ಲಿ ಕಪ್ಪು ಬಿಳುಪು ಮಾಡಿ ನೋಡಿ. ಆಗಲೂ ಚೆನ್ನಾಗಿದ್ದರೆ ಕೊಳ್ಳಿ.

ಅಸಲಿ ಎಂಬ ಮಾತು

ಚಿರತೆ ಚುಕ್ಕೆ ಅಚ್ಚಿನ ಬಟ್ಟೆಯಾಗಿ ದೊಡ್ಡ ಫ್ಯಾಷನ್ ಮನೆಗಳಿಗೆ ಬಂದದ್ದು ಹೊಸತೇನಲ್ಲ. ಪ್ಯಾರಿಸ್ಸಿನ ಕ್ರಿಸ್ತಿಯಾನ್ ಡಿಯೋರ್ 1947ರ ತನ್ನ ಮೊದಲ ಪ್ರದರ್ಶನದಲ್ಲೇ ಅದನ್ನು ಬಳಸಿದ್ದ. ಅಷ್ಟಕ್ಕೇ ನಿಂತಿದ್ದರೆ ಚೆನ್ನಿತ್ತು. 1962ರಲ್ಲಿ ಅಮೆರಿಕದ ಅಧ್ಯಕ್ಷರ ಪತ್ನಿ ಜಾಕ್ವೆಲಿನ್ ಕೆನಡಿ ನಿಜವಾದ ಚಿರತೆ ಚರ್ಮದ ಕೋಟು ತೊಟ್ಟು ಕಾಣಿಸಿಕೊಂಡ ಮೇಲೆ ಶ್ರೀಮಂತರೆಲ್ಲ ಅದರ ಹಿಂದೆ ಬಿದ್ದರು. ಒಂದು ಕೋಟಿಗೆ ಹಲವು ಚಿರತೆಗಳ ಚರ್ಮ ಬೇಕು. ಕೋಟಿನ ವಿನ್ಯಾಸಕಾರ ಒಲೆಗ್ ಕಸಿನಿ ಮುಂದೆ ಇದಕ್ಕಾಗಿ ಪರಿತಪಿಸಿ ಪ್ರಾಣಿಗಳ ಪರ ನಿಂತ.

ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಹುಲಿ, ಚಿರತೆ, ಕೃಷ್ಣಮೃಗ, ಉಡ, ಹೆಬ್ಬಾವುಗಳ ಚರ್ಮದ ವ್ಯಾಪಾರವನ್ನು ನಿಷೇಧಿಸಿದೆ. ಮಾರುವವರಷ್ಟೇ ಕೊಳ್ಳುವವರೂ ತಪ್ಪಿತಸ್ಥರು. "ಅಜ್ಜನ ಕಾಲದ್ದು, ಗೋಡೆಗೆ ತೂಗು ಹಾಕಿದ್ದೇವೆ" ಎಂಬ ಮಾತು ನಡೆಯುವುದಿಲ್ಲ; ಒಡೆತನದ ಪ್ರಮಾಣಪತ್ರ ಬೇಕು. 2023ರಲ್ಲಿ ಹುಲಿಯುಗುರಿನ ಪದಕ ಧರಿಸಿದ್ದಕ್ಕೆ ನಮ್ಮ ರಾಜ್ಯದಲ್ಲಿ ಬಂಧನವಾದದ್ದೂ, ಆಮೇಲೆ ಹಲವರು ತಮ್ಮ ಕೊರಳಿನ ಸರ ತೆಗೆದು ನೋಡಿಕೊಂಡದ್ದೂ ನಿಮಗೆ ನೆನಪಿರಬಹುದು. ಅಂಗಡಿಯವರು ದನಿ ತಗ್ಗಿಸಿ "ಇದು ಅಸಲಿ" ಎಂದರೆ ಅಲ್ಲಿಂದ ಎದ್ದು ಬನ್ನಿ. ಮನೆಯಲ್ಲಿ ಇಂಥ ಹಳೆಯ ವಸ್ತು ಇದ್ದರೆ ಅರಣ್ಯ ಇಲಾಖೆಯವರನ್ನು ಕೇಳಿ ಮುಂದಿನ ದಾರಿ ತಿಳಿಯಿರಿ.

ಮೊಸಳೆ, ಕೌದಿ, ಬಾಳೆ

ಮೊಸಳೆಯ ತಲೆಯ ಮೇಲಿನ ಹುರುಪೆಗಳ ಬಗ್ಗೆ ವಿಜ್ಞಾನಿಗಳು ಇತ್ತೀಚೆಗೆ ಮಾತು ಬದಲಿಸಿದ್ದಾರೆ. 2013ರಲ್ಲಿ ಜಿನೀವಾ ವಿಶ್ವವಿದ್ಯಾಲಯದವರು, ಇವು ಎರಿ ನೆಲದಂತೆ ಬಿರಿದು ಆದವು ಎಂದಿದ್ದರು. 2024ರಲ್ಲಿ ಅದೇ ತಂಡದವರು ಇನ್ನೂ ಸೂಕ್ಷ್ಮವಾಗಿ ನೋಡಿ, ಮೇಲಿನ ಚರ್ಮ ಕೆಳಗಿನದಕ್ಕಿಂತ ವೇಗವಾಗಿ ಬೆಳೆದು, ಹಿಗ್ಗಲು ಜಾಗವಿಲ್ಲದೆ ಮಡಿಕೆ ಬೀಳುತ್ತದೆ ಎಂದು ಹೇಳಿದರು. ಎಳೆತದಿಂದ ಬಿರುಕು, ಒತ್ತಡದಿಂದ ಮಡಿಕೆ. ನೋಡಲು ಒಂದೇ ತರಹ.

ಮಡಿಕೆಯ ಮೇಲ್ಮೈ ಬೇಕೆಂದರೆ ಮೊಸಳೆಯವರೆಗೆ ಹೋಗಬೇಕಿಲ್ಲ, ಕಮಲಾಪುರದ ಸುತ್ತಿನ ಯಾವ ಹಳ್ಳಿಯಲ್ಲಾದರೂ ಹೊರಸಿನ ಮೇಲೆ ಹಾಸಿದ ಕೌದಿ ನೋಡಿ. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಇಟ್ಟು, ಒತ್ತೊತ್ತಾಗಿ ಸಾಲು ಹೊಲಿಗೆ ಹಾಕುತ್ತಾರೆ. ದಾರ ಪ್ರತಿ ಹೆಜ್ಜೆಗೂ ಬಟ್ಟೆಯನ್ನು ತುಸು ಒಳಕ್ಕೆ ಎಳೆಯುತ್ತದೆ. ನಡುವಿನ ಬಟ್ಟೆಗೆ ಹೋಗಲು ದಾರಿಯಿಲ್ಲದೆ ಅದು ಉಬ್ಬುತ್ತದೆ. ಅಲೆ ಅಲೆಯಾಗಿ ಕಾಣುವ ಆ ಮೈ ಯಾರೂ ಬರೆದದ್ದಲ್ಲ. ಯಂತ್ರದಲ್ಲಿ ಬಿಗಿ ಹೊಲಿಗೆ ಹಾಕಿದ "ಕೌದಿ ಸ್ಟೈಲ್" ಹೊದಿಕೆಯಲ್ಲಿ ಸಾಲುಗಳಿರುತ್ತವೆ, ಈ ಉಬ್ಬು ಇರುವುದಿಲ್ಲ. ಮುಟ್ಟಿದರೆ ಗೊತ್ತಾಗುತ್ತದೆ.

ಕಮಲಾಪುರದ ಹೆಸರು ಹೊರಗೆ ಗೊತ್ತಿರುವುದು ಕೆಂಪು ಬಾಳೆಯಿಂದ. ಎರಿ ಮಣ್ಣು ಹಿಂದೆ ಸರಿದು ಕೆಂಪು ಮಣ್ಣು ಕಾಣತೊಡಗುವ ಈ ಊರಿನ ಹಣ್ಣಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ಹಣ್ಣಿನ ಬಣ್ಣಕ್ಕೆ ಮಾರುಹೋಗುವವರು ಗಿಡದ ದಿಂಡನ್ನು ಗಮನಿಸುವುದು ಕಡಿಮೆ. ಬಾಳೆಯ ಕಾಂಡ ಕಟ್ಟಿಗೆಯಲ್ಲ. ಒಂದರೊಳಗೊಂದು ಸುತ್ತಿಕೊಂಡ ಎಲೆಪಟ್ಟೆಗಳ ಕಟ್ಟು. ಒಂದು ಪಟ್ಟೆಯನ್ನು ಅಡ್ಡ ಕತ್ತರಿಸಿ ಬೆಳಕಿಗೆ ಹಿಡಿಯಿರಿ. ಸಾಲಾಗಿ ಗಾಳಿಯ ಕೋಣೆಗಳು, ನಡುವೆ ಕಾಗದಕ್ಕಿಂತ ತೆಳುವಾದ ಗೋಡೆಗಳು. ಹಗುರವೂ ಇರಬೇಕು, ಗೊನೆಯ ಭಾರವನ್ನೂ ಹೊರಬೇಕು. ಅದಕ್ಕೆ ಗಿಡ ಕಂಡುಕೊಂಡ ಉಪಾಯ ಇದು. ರಟ್ಟಿನ ಪೆಟ್ಟಿಗೆಯ ಸುಕ್ಕು ಹಾಳೆಯೂ ಇದೇ ತತ್ತ್ವದ್ದು.

ಗೊನೆ ಕಡಿದ ಮೇಲೆ ಆ ದಿಂಡು ಮತ್ತೆ ಹಣ್ಣು ಕೊಡುವುದಿಲ್ಲ, ಕಡಿದು ಹಾಕಬೇಕು. ಅದರ ಪಟ್ಟೆಯನ್ನು ಹೆರೆದು ತಿರುಳು ತೆಗೆದರೆ ನಾರು ಸಿಗುತ್ತದೆ. ಕೊಪ್ಪಳ ಜಿಲ್ಲೆಯ ಆನೆಗುಂದಿಯಲ್ಲಿ ಕಿಷ್ಕಿಂದಾ ಟ್ರಸ್ಟಿನ ಮೂಲಕ ಹೆಣ್ಣುಮಕ್ಕಳು ಬಾಳೆನಾರಿನಿಂದ ಬುಟ್ಟಿ, ಚೀಲ, ಚಾಪೆಗಳನ್ನು ಹೆಣೆದು ಆ ಊರಿಗೆ ಹೆಸರು ತಂದರು. ಕಮಲಾಪುರದ ತೋಟಗಳಲ್ಲೂ ಕಡಿದ ದಿಂಡಿಗೆ ಬರವಿಲ್ಲ. ಹಣ್ಣಿನ ಜೊತೆ ನಾರೂ ಪೇಟೆಗೆ ಬಂದರೆ ಬೆಳೆಗಾರರ ಮನೆಯವರಿಗೆ ಬೇಸಿಗೆಯಲ್ಲೊಂದು ಕೆಲಸ ಸಿಕ್ಕೀತು ಎಂದು ನನಗೆ ಅನ್ನಿಸುತ್ತದೆ.

ಅಷ್ಟರಲ್ಲಿ ನೀವು ಮನೆಯಲ್ಲೇ ಮಾಡಿ ನೋಡಬಹುದಾದ ಒಂದು ಕೆಲಸ ಹೇಳುತ್ತೇನೆ. ಪೂಜೆಗೆ ತಂದ ಬಾಳೆಕಂಬವನ್ನು ಎಸೆಯುವ ಮೊದಲು ನಾಲ್ಕು ಬೆರಳು ಉದ್ದದ ತುಂಡನ್ನು ಹರಿತ ಚಾಕುವಿನಿಂದ ಒಂದೇ ಏಟಿಗೆ ಅಡ್ಡ ಕತ್ತರಿಸಿ. ಕತ್ತರಿಸಿದ ಮುಖವನ್ನು ನೀರಲ್ಲಿ ತೊಳೆದು, ಹಳೆಯ ಬಟ್ಟೆಯ ಮೇಲೆ ಅರ್ಧ ಗಂಟೆ ಬೋರಲು ಇಡಿ. ಬಟ್ಟೆಗೆ ಹಚ್ಚುವ ಬಣ್ಣವನ್ನು ತಟ್ಟೆಯಲ್ಲಿ ತೆಳುವಾಗಿ ಸವರಿ, ತುಂಡನ್ನು ಅದಕ್ಕೆ ಮುಟ್ಟಿಸಿ, ಒಗೆದು ಗಂಜಿ ತೆಗೆದ ಹತ್ತಿಯ ಮೇಲೆ ಒತ್ತಿ. ಒಳಗಿನಿಂದ ಹೊರಗೆ ದೊಡ್ಡದಾಗುತ್ತ ಹೋಗುವ ಜಾಲದ ಬಿಲ್ಲೆ ಮೂಡುತ್ತದೆ. ಪ್ರತಿ ಸಲವೂ ತುಂಡನ್ನು ತುಸು ತಿರುಗಿಸಿ ಒತ್ತಿದರೆ ಎರಡು ಬಿಲ್ಲೆಗಳು ಒಂದೇ ತರಹ ಆಗುವುದಿಲ್ಲ. ಬಾಳೆಯ ರಸ ತಾಗಿದ ಕಲೆ ಒಗೆದರೂ ಹೋಗದು, ಹಳೆಯ ಸೀರೆ ಉಟ್ಟುಕೊಂಡೇ ಕೂಡಿ. ಹತ್ತಿಪ್ಪತ್ತು ಸಲ ಒತ್ತಿದ ಮೇಲೆ ಅಂಚು ಮೆತ್ತಗಾಗುತ್ತದೆ. ಆಗ ಕಾಲು ಅಂಗುಲ ಕತ್ತರಿಸಿ ತೆಗೆದರೆ ಕೆಳಗೆ ಹೊಸ ಅಚ್ಚು ಸಿದ್ಧವಿರುತ್ತದೆ.